ಇಪ್ಪತ್ತೆಂಟರಲ್ಲಿ ಏಳು

ಫೆಬ್ರವರಿ 2, ಭಾನುವಾರ. ಬೆಳಿಗ್ಗೆ 5.50

ಪೆನ್ಸಿಲ್ ಎರಡು, ರಬ್ಬರ್ ಒಂದು, ಅಡಿಪಟ್ಟಿ, ಕ್ಲಿಪ್ಪು, ಸ್ಕೋರ್ ಪುಸ್ತಕ. ಚೀಲ ರೆಡಿ. ಚಿಂತಾಮಣಿ ಬಸ್ಸು ಆರೂವರೆಗೆ. ಮಿತ್ರ ಇನ್ನೂ ಶೂ ಹುಡುಕುತ್ತಿದ್ದಾಳೆ. ಪ್ರತಿ ಭಾನುವಾರ ಅದೇ ಶೂ, ಅದೇ ಮಂಚದ ಕೆಳಗೆ. ಹತ್ತೊಂಬತ್ತು ವರ್ಷ, ಬಿ.ಎಸ್ಸಿ. ಎರಡನೇ ವರ್ಷ... ಶೂ ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಪವಿತ್ರ ಎರಡು ಡಬ್ಬಿ ಕಟ್ಟಿದ್ದಾಳೆ. ಅಪ್ಪನಿಗೊಂದು, ಮಗಳಿಗೊಂದು. ಯಾಕೆಂದರೆ ನಾನು ಬೇಸ್‌ಬಾಲ್ ಲೀಗಿನ ಸ್ಕೋರರ್. ಆಟ ಆಡುವವಳ ಪಕ್ಕ ಕೂತು ತಿನ್ನುವಂತಿಲ್ಲ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುವಂತಿಲ್ಲ. ಲೀಗಿನ ರೂಲ್ ಅಲ್ಲ ಇದು, ನನ್ನ ರೂಲ್.

"ಒಂದೇ ಮನೇಲಿ ಮಲಗ್ತೀರಲ್ಲ, ಅದಕ್ಕೇನ್ ಮಾಡ್ತೀರಿ? ನಡುವೆ ಒಂದು ತಡಿಕೆ ಕಟ್ಟಿಸ್ಲಾ?" ಅಂದಳು ಪವಿತ್ರ.

ಚೀಲ ಹೆಗಲಿಗೆ ಹಾಕಿಕೊಂಡೆ. ಬಸ್ಸಿಗೆ ಹೊತ್ತಾಯಿತು.

ಅದೇ ದಿನ, ಸಂಜೆ 5

ಚಿಕ್ಕಬಳ್ಳಾಪುರ 6, ಚಿಂತಾಮಣಿ 4. ಗೆದ್ದೆವು. ಅಲ್ಲ, ಗೆದ್ದರು. ಸ್ಕೋರರ್‌ಗೆ ಊರಿಲ್ಲ.

ಐದನೇ ಇನ್ನಿಂಗ್ಸ್‌ನ ಒಂದು ವಿಷಯ ಬರೆದಿಡಬೇಕು. ಮಿತ್ರ ಜೋರಾಗಿ ಹೊಡೆದಳು. ನೆಲ ಸವರಿಕೊಂಡು ಎಡಕ್ಕೆ ಹೋಯಿತು ಚೆಂಡು. ಚಿಂತಾಮಣಿಯ ಶಾರ್ಟ್‌ಸ್ಟಾಪ್ ತನುಜ — ಎರಡನೇ ಬೇಸು ಮೂರನೇ ಬೇಸಿನ ನಡುವೆ ನಿಲ್ಲುವ ಹುಡುಗಿ — ಇದ್ದಬದ್ದ ಶಕ್ತಿಯೆಲ್ಲ ಹಾಕಿ ಡೈವ್ ಹೊಡೆದಳು. ಗ್ಲೌಸಿನ ತುದಿಗೆ ತಾಗಿ ಚೆಂಡು ಉರುಳಿಹೋಯಿತು. ಅಷ್ಟರಲ್ಲಿ ಮಿತ್ರ ಓಡಿ ಮುಟ್ಟಬೇಕಾದ ಮೊದಲ ಬೇಸಿನಲ್ಲಿದ್ದಳು.

ಎಲ್ಲರೂ ನನ್ನ ಮೇಜಿನ ಕಡೆ ತಿರುಗಿದರು. ಹಿಟ್ಟಾ, ಎರರ್ರಾ?

ಸಾಧಾರಣವಾಗಿ ಆಡುವವಳಿಗೆ ಹಿಡಿಯಲಾಗದ ಚೆಂಡಾದರೆ ಹಿಟ್. ಹೊಡೆದವಳ ಲೆಕ್ಕಕ್ಕೆ ಸೇರುತ್ತದೆ. ಹಿಡಿಯಬಹುದಾಗಿದ್ದ ಚೆಂಡನ್ನು ಬಿಟ್ಟರೆ ಎರರ್. ಹೊಡೆದವಳಿಗೆ ಏನೂ ಇಲ್ಲ, ಬಿಟ್ಟವಳ ಹೆಸರಿಗೆ ತಪ್ಪು. ಯಾವುದೆಂದು ಹೇಳುವವನು ಸ್ಕೋರರ್ ಒಬ್ಬನೇ.

ಎರರ್ ಎಂದು ಬರೆದೆ.

ನಮ್ಮ ಕೋಚ್ ರಾಮಾಂಜಿನಪ್ಪ ಮೇಷ್ಟ್ರು ಓಡಿ ಬಂದರು. "ಏಮಪ್ಪಾ ಕೆಂಪರಾಜು! ಆ ಹುಡುಗಿ ನೆಲದ ಮೇಲೆ ಈಜಿದ್ಲು. ಅದು ಹಿಟ್ ಅಲ್ವಾ?"

"ಗ್ಲೌಸಿಗೆ ತಾಗಿತು ಮೇಷ್ಟ್ರೇ."

"ತಾಗೋದು ಬೇರೆ, ಹಿಡಿಯೋದು ಬೇರೆ ಕಣಪ್ಪ!"

ಬದಲಾಯಿಸಲಿಲ್ಲ. ಮಿತ್ರ ಬೇಸಿನ ಮೇಲೆ ನಿಂತು ನನ್ನ ಪೆನ್ಸಿಲ್ ನೋಡುತ್ತಿದ್ದಳು. ಹಿಟ್ ಆದರೆ ಉದ್ದ ಗೆರೆ, ಎರರ್ ಆದರೆ ಗಿಡ್ಡ. ಅಷ್ಟು ದೂರದಿಂದಲೂ ಅವಳಿಗೆ ಗೊತ್ತಾಗುತ್ತದೆ. ಮುಖ ತಿರುಗಿಸಿಕೊಂಡಳು. ತನುಜ ಎದ್ದು ಮಂಡಿ ಒರೆಸಿಕೊಂಡಳು. ಚರ್ಮ ಕಿತ್ತಿತ್ತು. ಅವಳೂ ಒಮ್ಮೆ ನನ್ನ ಕಡೆ ನೋಡಿದಳು.

ಫೆಬ್ರವರಿ 4, ಮಂಗಳವಾರ. ಆಫೀಸು, ಮಧ್ಯಾಹ್ನ 1.40

ಇನ್ನೂ ಆ ಗ್ಲೌಸಿನ ತುದಿಯೇ ತಲೆಯಲ್ಲಿ.

1998ರಲ್ಲಿ ಈ ಅಂಕಿಅಂಶ ಇಲಾಖೆಯ ಕೆಲಸಕ್ಕೆ ಸೇರಿದೆ. ಆಗಿನ್ನೂ ಕೋಲಾರ ಜಿಲ್ಲೆ. ಲಿಸ್ಟಿನಲ್ಲಿ ನಾಲ್ಕನೆಯ ಹೆಸರು ನನ್ನದು, ಜನರಲ್ ಮೆರಿಟ್ಟಿನಲ್ಲೇ. ಮೊದಲ ವಾರವೇ ಟೀ ಅಂಗಡಿ ಹತ್ತಿರ ಯಾರೋ ಅಂದರು: "ಅವ್ನಿಗೇನಪ್ಪ, ಕೋಟಾ." ಎರಡು ವರ್ಷ ಮಾರ್ಕ್ಸ್ ಕಾರ್ಡು ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಯಾರೂ ಕೇಳಲಿಲ್ಲ. ಕೇಳದೆ ತೋರಿಸುವುದು ಹೇಗೆ? ಮಡಿಕೆಯಲ್ಲಿ ಹರಿದುಹೋಯಿತು.

ಮಿತ್ರಳಿಗೆ ಸಂಘಮಿತ್ರ ಎಂದು ಹೆಸರಿಟ್ಟವರು ನಮ್ಮಪ್ಪ ಗಂಗುಲಪ್ಪ. ತಾವು ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದ ಮೊಮ್ಮಗಳು ಅಂತ ಕಾಲೇ ನೆಲದ ಮೇಲಿರಲಿಲ್ಲ ಅವರಿಗೆ. ಅವಳು ಯಾವ ಕಾರ್ಡನ್ನೂ ಜೇಬಿನಲ್ಲಿ ಹೊತ್ತು ತಿರುಗಬಾರದು. ಅವಳ ನಂಬರ್ ಅಂದರೆ ಯಾರೂ ಬೆರಳು ಮಾಡದ ನಂಬರ್ ಆಗಿರಬೇಕು.

ಈ ನಾಲ್ಕೂರು ಲೀಗ್ ಶುರುವಾದ ದಿನ ಶಿಡ್ಲಘಟ್ಟದಲ್ಲಿ ಒಬ್ಬರು ನಗುತ್ತಲೇ ಹೇಳಿದ್ದರು: "ಮಗಳು ಹೊಡೆಯೋದು, ಅಪ್ಪ ಬರ್ಕೊಳ್ಳೋದು. ಚೆನ್ನಾಗಿದೆ ಬಿಡಿ!" ತಮಾಷೆಗೇ ಹೇಳಿದ್ದು. ನನಗೆ ಮಾತ್ರ ಅವತ್ತಿನಿಂದ ಬೆನ್ನಿಗೆ ಕಣ್ಣು ಬಂದ ಹಾಗಾಗಿದೆ.

ಫೆಬ್ರವರಿ 9, ಭಾನುವಾರ. ಸಂಜೆ

ಶಿಡ್ಲಘಟ್ಟದಲ್ಲಿ ಮ್ಯಾಚ್. ಮಿತ್ರ ನಾಲ್ಕರಲ್ಲಿ ಸೊನ್ನೆ. ಅದರಲ್ಲಿ ಒಂದು ಎರರ್. ಮೂರನೇ ಬೇಸಿನವಳ ಮುಂದೆ ಚೆಂಡು ಕಲ್ಲಿಗೆ ಬಡಿದು ಎಗರಿತು. ಕಲ್ಲು ಕಾಣಿಸಿತು ನನಗೆ. ಆದರೂ...

ಮನೆಗೆ ಬಂದ ಮೇಲೆ ಪವಿತ್ರ ಕೇಳಿದಳು: "ಹೆಂಗಾಡ್ದೆ ಮಿತ್ರಮ್ಮ?"

"ಅಪ್ಪನ್ ಕೇಳು. ಬುಕ್ಕಲ್ಲಿದೆ." ಅಷ್ಟೇ ಹೇಳಿ ಸ್ನಾನಕ್ಕೆ ಹೋದಳು.

ಪವಿತ್ರ ನನ್ನನ್ನೇ ನೋಡಿದಳು. ಮೂವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುವ ಟೀಚರ್ ಅವಳು. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂದಳು. ಸಾರು ಬಡಿಸಿದಳು, ತುಪ್ಪ ಹಾಕಲಿಲ್ಲ.

ಫೆಬ್ರವರಿ 13, ಗುರುವಾರ. ಆಫೀಸು

ಬೆಳೆ ಕಟಾವಿನ ಲೆಕ್ಕ ಬಂತು. ಆರಿಸಿದ ಹೊಲದಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಅಳೆದು, ಅಷ್ಟರ ರಾಗಿ ಕೊಯ್ದು ತೂಗುವುದು. ಹೋಬಳಿಯ ಸರಾಸರಿ ಐದು ಕೆ.ಜಿ. ಹತ್ತಿರ. ಮಂಡಿಕಲ್ ಕಡೆಯ ಒಂದೂರಿನಲ್ಲಿ ಮಾತ್ರ ಮೂರೂ ದಾಟಿಲ್ಲ. "ಮಣ್ಣು ಸರಿಯಿಲ್ಲ" ಎಂದು ಷರಾ ಬರೆಯಲು ಹೊರಟಿದ್ದೆ.

ನಮ್ಮ ಸೂಪರಿಂಟೆಂಡೆಂಟ್ ಕನಕಲಕ್ಷ್ಮಿ ಮೇಡಂ ಕೈ ಹಿಡಿದು ನಿಲ್ಲಿಸಿದ ಹಾಗೆ ಮಾತಾಡಿದರು. "ತಾಳ್ರೀ ಕೆಂಪರಾಜು. ಸುತ್ತ ಎಲ್ಲ ಸರಿಯಿದ್ದು ಒಂದೇ ಒಂದು ಕೆಳಗಿದ್ರೆ ಹೊಲದ ಮೇಲೆ ಅನುಮಾನ ಪಡೋಕ್ ಮುಂಚೆ ಅಳೆದವರ ಮೇಲೆ ಪಡ್ಬೇಕು."

ಅಳೆದವರು ಎರ್ರಪ್ಪ. ಮುಂದಿನ ತಿಂಗಳು ರಿಟೈರ್ಡು. ಕರೆಸಿ ಕೇಳಿದರೆ ಗೊತ್ತಾಯಿತು: ಬುಟ್ಟಿಯ ತೂಕವನ್ನು ಎರಡು ಸಲ ಕಳೆದಿದ್ದಾರೆ!

"ಜಾಸ್ತಿ ತೋರಿಸ್ಬಿಟ್ಟ ಅಂತಾರೇನೋ ಅಂತ ಭಯ ಸಾರ್. ಕಳೆದೆನೋ ಇಲ್ವೋ ಅಂತ ಇನ್ನೊಂದ್ ಸಲ ಕಳೆದ್ಬಿಟ್ಟೆ" ಅಂದರು.

ಎಲ್ಲರೂ ನಕ್ಕೆವು. ಎರ್ರಪ್ಪನೂ ನಕ್ಕರು. ಷರಾ ಹೊಡೆದುಹಾಕಿದೆ.

ಫೆಬ್ರವರಿ 16, ಭಾನುವಾರ. ಸಂಜೆ 6

ಗೌರಿಬಿದನೂರು. ಕುಡುಮಲಕುಂಟೆ ಕಡೆಯಿಂದ ಶಿಫ್ಟ್ ಬಿಟ್ಟು ಬಂದ ಫ್ಯಾಕ್ಟರಿಯವರು ಬೇಲಿ ಹಿಡಿದು ನಿಂತು ನೋಡಿದರು. "ಇದ್ಯಾವ ಕ್ರಿಕೆಟ್ಟು ಸಾರ್, ವಿಕೆಟ್ಟೇ ಇಲ್ಲ?" ಎಂದು ಒಬ್ಬ ಕೇಳಿದ. ಬೇಸ್‌ಬಾಲು ಅಂದೆ. "ಔಟಾಗೋದು ಹೆಂಗೆ?" ಅಂದ. ಹತ್ತು ಸಲ ಹೊಡೆಯಲು ನಿಂತವಳು ಏಳು ಸಲ ಔಟಾದರೂ ರಾಣಿಯೇ ಇಲ್ಲಿ ಅಂದೆ. ನಂಬಲಿಲ್ಲ.

ಮ್ಯಾಚ್ ಮುಗಿದ ಮೇಲೆ ಲೀಗಿನ ಕಾರ್ಯದರ್ಶಿ ಯೋಗನರಸಿಂಹ ಸರ್ ಎಲ್ಲರನ್ನೂ ಕೂರಿಸಿದರು. ರಿಟೈರ್ಡ್ ಗಣಿತದ ಮೇಷ್ಟ್ರು, ಒಂದು ಮಾತಿಗೆ ಒಂದೇ ಅರ್ಥ. ಬೆಂಗಳೂರಿನಲ್ಲಿ ರಾಜ್ಯ ಕ್ಯಾಂಪ್ ಇದೆ. ಒಂಬತ್ತನೇ ಮ್ಯಾಚ್ ಮುಗಿದಾಗ ಯಾರ ಬ್ಯಾಟಿಂಗ್ ಸರಾಸರಿ (ಎಷ್ಟು ಸಲ ಹೊಡೆಯಲು ನಿಂತಳು, ಅದರಲ್ಲಿ ಎಷ್ಟು ಹಿಟ್) ಇಡೀ ಲೀಗಿನ ಸರಾಸರಿಗೆ ಸಮ ಇರುತ್ತದೋ, ಮೇಲಿರುತ್ತದೋ, ಅವರ ಹೆಸರು ಹೋಗುತ್ತದೆ. ಶಿಫಾರಸು ಇಲ್ಲ, ಸ್ಪೆಷಲ್ ಕೇಸ್ ಇಲ್ಲ.

ವಾಪಸು ಬರುವಾಗ ಮಿತ್ರ ನನ್ನಿಂದ ಮೂರು ಸೀಟು ಮುಂದೆ. ಗೆಳತಿಯರ ಜೊತೆ ದಾರಿಯುದ್ದಕ್ಕೂ ಕ್ಯಾಂಪಿನ ಮಾತೇ. ಒಮ್ಮೆ ತಿರುಗಿ ನನ್ನ ಚೀಲ ನೋಡಿದಳು. ಪುಸ್ತಕ ಅದರೊಳಗಿತ್ತು.

ಫೆಬ್ರವರಿ 23, ಭಾನುವಾರ

ಎಂಟನೇ ಮ್ಯಾಚ್, ನಮ್ಮೂರಲ್ಲೇ. ಮಿತ್ರ ನಾಲ್ಕರಲ್ಲಿ ಒಂದು ಹಿಟ್. ಇನ್ನೊಂದು ಎರರ್.

ಊಟ ಬೇಡ ಅಂದಳು.

ಫೆಬ್ರವರಿ 26, ಬುಧವಾರ. ಶಿವರಾತ್ರಿ ರಜೆ. ಬೆಳಿಗ್ಗೆ 10.30

ಪಕ್ಕದ ಮನೆಯಲ್ಲಿ ಉಪವಾಸ, ನಮ್ಮ ಮನೆಯಲ್ಲಿ ಉಪ್ಪಿಟ್ಟು. ತಿಂದು ಲೆಕ್ಕಕ್ಕೆ ಕೂತೆ. ನಾಲ್ಕೂ ಊರಿನದು ಸೇರಿ, ವಾರಕ್ಕೆ ಎರಡರಂತೆ ಹದಿನಾರು ಮ್ಯಾಚಿನ ಹಾಳೆ ಜಗಲಿ ತುಂಬ.

ಇಡೀ ಲೀಗು: 840 ಸಲ ಬ್ಯಾಟಿಂಗು, 218 ಹಿಟ್. ಸರಾಸರಿ 0.260.
ಸಂಘಮಿತ್ರ: 28 ಸಲ, 6 ಹಿಟ್. 0.214.

ಕೆಳಗೆ. ನಾಲ್ಕು ಸಲ ಕೂಡಿದೆ. ನಾಲ್ಕು ಸಲವೂ ಕೆಳಗೇ.

ಪಾಪ, ಪ್ರಯತ್ನವಂತೂ ಪಟ್ಟಳು. ಹೊಡೆತದಲ್ಲಿ ಇನ್ನೂ ಬಲ ಬೇಕೇನೋ ಎಂದುಕೊಂಡೆ. ಷರಾ ಬರೆಯುವ ಅಭ್ಯಾಸ, ಏನು ಮಾಡುವುದು. ಬರೆಯಲು ಪೆನ್ಸಿಲ್ ಎತ್ತಿದೆ... ಮೇಡಂ ಮಾತು ನೆನಪಾಯಿತು. ಒಂದೇ ಒಂದು ಕೆಳಗಿದ್ದರೆ, ಅಳೆದವರು.

ಎರರ್ ಎಣಿಸಿದೆ.

ಇಡೀ ಲೀಗಿನಲ್ಲಿ 840ಕ್ಕೆ 70. ಹನ್ನೆರಡಕ್ಕೆ ಒಂದು.
ಮಿತ್ರ ಹೊಡೆದಾಗ 28ಕ್ಕೆ 7. ನಾಲ್ಕಕ್ಕೆ ಒಂದು!

ನನ್ನ ಮಗಳು ಬ್ಯಾಟ್ ಹಿಡಿದರೆ ಮಾತ್ರ ನಾಲ್ಕೂರಿನ ಹುಡುಗಿಯರ ಕೈಯೂ ತೂತಾಗುತ್ತದೆಯೇ? ಮೂರು ಪಟ್ಟು? ಆ ಕೈಗಳಿಗೆ ಏನೂ ಆಗಿಲ್ಲ. ಆಗಿರುವುದು ಈ ಕೈಗೆ.

ಏಳನ್ನೂ ಒಂದೊಂದಾಗಿ ನೆನೆಸಿಕೊಂಡೆ. ಎರಡು ನಿಜವಾದ ಎರರ್. ಎರಡು ಹೇಗೂ ಹೇಳಬಹುದು. ಮೂರು ಹಿಟ್. ಯಾವ ದೇವರ ಮುಂದೆ ಬೇಕಾದರೂ ಹಿಟ್. ಮೂರು ಸೇರಿಸಿದರೆ 28ಕ್ಕೆ 9. 0.321.

ಬುಟ್ಟಿಯ ತೂಕ ಎರಡು ಸಲ ಕಳೆದವರನ್ನು ನೋಡಿ ನಕ್ಕಿದ್ದೆ.

ಇನ್ನೂ ಒಂದಿದೆ. ಎರರ್ ಗಾಳಿಯಲ್ಲಿ ತೇಲುವುದಿಲ್ಲ, ಯಾರದೋ ಹೆಸರಿನ ಮುಂದೆ ಕೂರುತ್ತದೆ. ಮಂಡಿ ಕಿತ್ತುಕೊಂಡು ಬಿದ್ದ ತನುಜಳ ಹೆಸರಿನ ಮುಂದೆ ಕೂತಿದೆ. ನನ್ನ ಮಗಳಿಗೆ ಕೊಡಬೇಕಾದ್ದನ್ನು ಕೊಡದೆ ಇರಲು ಇನ್ನೊಬ್ಬರ ಮಗಳ ತಲೆಗೆ ತಪ್ಪು ಕಟ್ಟಿದ್ದೇನೆ. ಇದಕ್ಕೆ ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡಿದ್ದೆ. ಥೂ.

ಪವಿತ್ರ ಬಂದು ಹಾಳೆಗಳ ಮೇಲೆ ಬಗ್ಗಿ ನೋಡಿದಳು. ಕಾಫಿ ಇಟ್ಟು ಹೋದಳು.

ಫೆಬ್ರವರಿ 28, ಶುಕ್ರವಾರ. ಸಂಜೆ 6.15

ನಿನ್ನೆ ಒಂದಕ್ಷರ ಬರೆಯಲಾಗಲಿಲ್ಲ. ಇವತ್ತು ಆಫೀಸು ಬಿಟ್ಟವನೇ ಯೋಗನರಸಿಂಹ ಸರ್ ಮನೆಗೆ ಹೋದೆ. ಮೂರು ಹಾಳೆ ಪತ್ರ ಕೊಟ್ಟೆ. ಯಾವ ಮ್ಯಾಚು, ಯಾವ ಇನ್ನಿಂಗ್ಸು, ಚೆಂಡು ಎಲ್ಲಿ ಹೋಯಿತು, ಯಾರ ಹೆಸರಿಗೆ ತಪ್ಪು ಹೊರಿಸಿದೆ, ಎಲ್ಲ. ಕನ್ನಡಕ ಏರಿಸಿ ಪೂರ್ತಿ ಓದಿದರು.

"ನಿಜ ಹೇಳ್ತಿದ್ದೀರಿ. ಅನುಮಾನ ಇಲ್ಲ ನನಗೆ. ಆದ್ರೆ ಕೆಂಪರಾಜು ಅವ್ರೇ, ಇದನ್ನ ನಾನು ಗಟ್ಟಿಯಾಗಿ ಓದಿದ್ರೆ ಹೆಂಗೆ ಕೇಳಿಸುತ್ತೆ ಗೊತ್ತಾ? ಮಗಳು ಲಿಸ್ಟಿಂದ ಬಿದ್ದಳು, ಅಪ್ಪನಿಗೆ ಜ್ಞಾನೋದಯ ಆಯ್ತು."

"ಗೊತ್ತು ಸರ್. ಅದಕ್ಕೇ ಎರಡು ದಿನ ತಗೊಂಡೆ."

"ಎರಡೂ ಕೋಚ್ ಸಹಿ ಹಾಕಿದ ಹಾಳೆ ತಿದ್ದಕ್ಕಾಗಲ್ಲ. ಯಾರಿಗೂ ತಿದ್ದಿಲ್ಲ. ನಿಮಗೂ ಇಲ್ಲ."

"ತಿದ್ದಿ ಅಂತ ಕೇಳೋಕ್ ಬರ್ಲಿಲ್ಲ ಸರ್." ಪುಸ್ತಕ ಮೇಜಿನ ಮೇಲಿಟ್ಟೆ. "ಈ ಭಾನುವಾರ ಪುಸ್ತಕ ಬೇರೆಯವ್ರಿಗೆ ಕೊಡಿ. ಆ ಹುಡುಗಿ ಬ್ಯಾಟ್ ಮಾಡುವಾಗ ನನ್ನ ಕೈ ನಂಬೋ ಹಾಗಿಲ್ಲ."

ಪತ್ರದ ಮೊದಲ ಹಾಳೆ ಇನ್ನೊಮ್ಮೆ ಓದಿದರು. ಆಮೇಲೆ ಪತ್ರ ಮಡಚಿ ಫೈಲಿಗೆ ಹಾಕಿದರು. ಚಿಂತಾಮಣಿಯ ಅಕ್ಷಯಾ ಕಾಲು ಉಳುಕಿ ಕೂತಿದ್ದಾಳೆ, ರೂಲ್ಸ್ ಎಲ್ಲ ಬಾಯಿಪಾಠ, ಅವಳು ಬರೆಯಲಿ ಅಂದರು. ಎದುರು ಟೀಮಿನವಳು. ಹೂಂ ಅಂದೆ.

ಲೆಕ್ಕ ಇಷ್ಟು. ಕೊನೆಯ ಮ್ಯಾಚಿನಲ್ಲಿ ಎರಡು ಹಿಟ್ ಸಾಲದು. ಮೂರರಲ್ಲಿ ಎರಡು ಹೊಡೆದರೂ 0.258. ಮೂರು ಬೇಕು.

ಮಾರ್ಚ್ 1, ಶನಿವಾರ. ಮಧ್ಯಾಹ್ನ 3

ಹೇಳಿದೆ.

ಮಿತ್ರ ಹಿತ್ತಲ ಮೆಟ್ಟಿಲ ಮೇಲೆ ಕೂತು ಗ್ಲೌಸಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ಕೂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹನ್ನೆರಡಕ್ಕೆ ಒಂದು, ನಾಲ್ಕಕ್ಕೆ ಒಂದು. ಯೋಗನರಸಿಂಹ ಸರ್ ಹೇಳಿದ್ದು. ತಿದ್ದಲಾಗದು ಎಂಬುದು.

ಅವಳು ತಿಕ್ಕುವುದು ನಿಲ್ಲಿಸಲಿಲ್ಲ. "ಗೊತ್ತಪ್ಪ. ನಾನೂ ಎಣಿಸ್ತಿದ್ದೆ. ಏಳು."

"ಗೊತ್ತಿತ್ತಾ? ಯಾಕಮ್ಮ ಹೇಳ್ಲಿಲ್ಲ? ಸಿಟ್ಟು ಬರ್ಲಿಲ್ವಾ?"

"ಬರ್ದೆ ಇರುತ್ತಾ! ನಿನ್ ಪುಸ್ತಕ ಒಲೆಗೆ ಹಾಕಣ ಅನ್ನಿಸ್ತಿತ್ತು. ಆಮೇಲೆ ನಿನ್ ಮುಖ ನೋಡ್ತಿದ್ದೆ. ಎರರ್ ಬರೀವಾಗೆಲ್ಲ ಹಲ್ಲುನೋವು ಬಂದೋರ ತರ ಇರ್ತಿದ್ದೆ ನೀನು. ಅಯ್ಯೋ ಪಾಪ ಅಂತ ಸುಮ್ನಾದೆ."

ನಗು ಬಂತು. ನಗುವುದಕ್ಕೆ ಹೋಗಿ ಬೇರೇನೋ ಆಯಿತು. ಟವೆಲ್ಲು ಒಳಗಿತ್ತು. ಗ್ಲೌಸ್ ಒರೆಸುವ ಬಟ್ಟೆಯನ್ನೇ ಕೊಟ್ಟಳು. ಮುಖವೆಲ್ಲ ಕೊಬ್ಬರಿ ಎಣ್ಣೆ.

"ತಪ್ಪಾಯ್ತು ಕಣಮ್ಮ" ಅಂದೆ. ಮಗಳಿಗೆ ಈ ಮಾತು ಹೇಳಿದ್ದು ಇದೇ ಮೊದಲು ಇರಬೇಕು.

"ಅದ್ ಬಿಡು. ಒಂದ್ ಪ್ರಶ್ನೆ. ಎಂಟು ಮ್ಯಾಚ್ ಆಯ್ತಲ್ಲ, ನಾನು ಓಡೋದು ಹೆಂಗಿರುತ್ತೆ ಹೇಳು?"

ಚೆಂಡು ಬ್ಯಾಟಿಗೆ ತಾಗಿದ ತಕ್ಷಣ ಸ್ಕೋರರ್ ಕಣ್ಣು ಹಿಡಿಯುವವರ ಕೈ ಮೇಲೆ. ಗ್ಲೌಸುಗಳೆಲ್ಲ ಗೊತ್ತು ನನಗೆ, ಯಾವುದರ ಹೊಲಿಗೆ ಎಲ್ಲಿ ಬಿಟ್ಟಿದೆ ಎಂಬುದೂ ಗೊತ್ತು. ಅವಳು ಓಡುವುದನ್ನು ನಾನು ಒಮ್ಮೆಯೂ ನೋಡಿಲ್ಲ. ತಲೆ ಎತ್ತುವಷ್ಟರಲ್ಲಿ ಅವಳು ಯಾವಾಗಲೂ ಬೇಸಿನ ಮೇಲೆ ನಿಂತಿರುತ್ತಿದ್ದಳು, ಇಲ್ಲವೇ ಔಟಾಗಿ ವಾಪಸು ಬರುತ್ತಿದ್ದಳು.

"ನಾಳೆ ಬರೀಬೇಡ. ಸುಮ್ನೆ ಬಂದು ನೋಡಪ್ಪ" ಅಂದಳು.

ಮಾರ್ಚ್ 2, ಭಾನುವಾರ. ಬಸ್ಸು, ಮಧ್ಯಾಹ್ನ 3.10

ಚಿಂತಾಮಣಿ ಬಿಟ್ಟು ಕಾಲು ಗಂಟೆ. ಅಕ್ಷರ ಸೊಟ್ಟ, ಬಸ್ಸು ಕುಲುಕುತ್ತಿದೆ. ಎಡಗೈ ಆಡಿಸುವಂತಿಲ್ಲ, ಮಿತ್ರ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾಳೆ. ಹೌದು, ಒಂದೇ ಸೀಟು. ಬೆಳಿಗ್ಗೆ ಪವಿತ್ರ ಯಾರೂ ಹೇಳದೆಯೇ ಒಂದೇ ದೊಡ್ಡ ಡಬ್ಬಿ ಕಟ್ಟಿದ್ದಳು. ಎರಡು ಚಮಚ. ಚಿತ್ರಾನ್ನದಲ್ಲಿ ಕಡಲೆಬೀಜವನ್ನೆಲ್ಲ ಮಿತ್ರ ಆರಿಸಿಕೊಂಡಳು.

ಮ್ಯಾಚಿಗೆ ಮುಂಚೆ ತನುಜಳನ್ನು ಹುಡುಕಿಕೊಂಡು ಹೋದೆ. "ಅವತ್ತು ನಿನ್ನ ಹೆಸರಿಗೆ ಬರೆದ ಎರರ್ ನಿನ್ನದಲ್ಲ ಕಣಮ್ಮ, ನನ್ನದು" ಅಂದೆ. ಅವಳಿಗೆ ನಾಚಿಕೆಯಾಯಿತು. "ಅಯ್ಯೋ ಬಿಡಿ ಅಂಕಲ್, ಮಂಡಿನೂ ವಾಸಿಯಾಯ್ತು" ಅಂದಳು.

ಮೇಜಿನ ಹಿಂದೆ ಅಕ್ಷಯಾ, ಕಾಲಿಗೆ ಪಟ್ಟಿ, ಬಾಯಲ್ಲಿ ಪೆನ್ಸಿಲ್. ನಾನು ಮೋಟುಗೋಡೆ ಮೇಲೆ ಕೂತೆ. ಕೈಯಲ್ಲಿ ಏನೂ ಇಲ್ಲ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ, ತೊಡೆ ಕೆಳಗೆ ಇಟ್ಟುಕೊಂಡೆ.

ಮೊದಲನೇ ಸಲ: ತಲೆಯ ಮೇಲಿಂದ ದೂರ ಹೋಯಿತು. ಹಿಟ್. ಯಾರೂ ಕೇಳುವಂತಿಲ್ಲ.
ಎರಡನೇ ಸಲ: ಮೇಲೆತ್ತಿದಳು, ಕ್ಯಾಚು.
ಮೂರನೇ ಸಲ: ಮೂರನೇ ಬೇಸಿನ ಆಚೆ ಬಿತ್ತು. ಹಿಟ್.

ಏಳನೇ ಇನ್ನಿಂಗ್ಸ್, ನಾಲ್ಕನೇ ಸಲ. ಇದೇ ಕೊನೆ. ಮೂರು ಬೇಕು, ಎರಡಾಗಿದೆ. ರಾಮಾಂಜಿನಪ್ಪ ಮೇಷ್ಟ್ರು ಟೋಪಿ ತೆಗೆದು ಹಿಸುಕುತ್ತಿದ್ದರು.

ಹೊಡೆದಳು. ಎಡಕ್ಕೆ, ತನುಜಳ ಕಡೆಗೇ. ಅಷ್ಟು ಗೊತ್ತು. ಎಂಟು ವಾರದ ಅಭ್ಯಾಸ, ಕಣ್ಣು ಆ ಕಡೆಗೇ ಎಳೆಯಿತು. ಎಳೆದು ಈ ಕಡೆ ತಂದೆ.

ಮಿತ್ರ ಓಡುತ್ತಿದ್ದಳು.

ನಾಲಿಗೆ ಕಚ್ಚಿಕೊಂಡು ಓಡುತ್ತಾಳೆ. ಎಡ ಭುಜ ಸ್ವಲ್ಪ ಕೆಳಗೆ. ಮೇಕೆ ಹಿಂದೆ ಓಡುವಾಗ ನಮ್ಮಮ್ಮ ಕೊಂಡಮ್ಮನದೂ ಹಾಗೇ ಇರುತ್ತಿತ್ತು. ಒಂದು ವರ್ಷದವಳಾಗಿದ್ದಾಗ ಬಾಗಿಲಿಂದ ನನ್ನ ಕಾಲಿನವರೆಗೆ ಮೊದಲ ಸಲ ನಡೆದು ಬಂದಳಲ್ಲ, ಆಗಲೂ ಇದೇ ನಾಲಿಗೆ. ಹದಿನೆಂಟು ವರ್ಷವಾದ ಮೇಲೆ ಮತ್ತೆ ನೋಡಿದೆ. ಎಷ್ಟು ಚೆನ್ನಾಗಿ ಓಡುತ್ತಾಳೆ ನನ್ನ ಮಗಳು!

ಬೇಸ್ ಮುಟ್ಟಿದಳು. ಗಲಾಟೆ. ಅಕ್ಷಯಾ ನನ್ನ ಕಡೆ ತಿರುಗಿ ಕೂಗಿದಳು: "ಅಂಕಲ್! ತನುಜಕ್ಕನ್ ಗ್ಲೌಸಿಗೆ ತಾಗ್ತು. ಹಿಟ್ಟಾ, ಎರರ್ರಾ? ನೀವ್ ನೋಡಿದ್ರಲ್ಲ?"

ಗೋಡೆ ಪಕ್ಕದವರೆಲ್ಲ ನನ್ನನ್ನೇ ನೋಡಿದರು.

"ಇಲ್ಲಮ್ಮ. ಚೆಂಡು ನೋಡ್ಲಿಲ್ಲ ನಾನು" ಅಂದೆ. "ಸ್ಕೋರರ್ ನೀನು ಕಣಮ್ಮ."

ತಲೆ ಬಗ್ಗಿಸಿ ಬರೆದಳು. ಗೆರೆ ಉದ್ದವೋ ಗಿಡ್ಡವೋ, ಕತ್ತು ಚಾಚಲಿಲ್ಲ. ಬೇಸಿನ ಮೇಲೆ ನಿಂತ ಮಿತ್ರ ಇವತ್ತು ಮೇಜಿನ ಕಡೆ ನೋಡಲೇ ಇಲ್ಲ. ಗೋಡೆಯ ಮೇಲೆ ನನ್ನನ್ನು ಹುಡುಕಿದಳು. ಕೈ ಎತ್ತಿದೆ. ಅವಳೂ ಎತ್ತಿದಳು.

ಪುಸ್ತಕ ಯೋಗನರಸಿಂಹ ಸರ್ ಜೊತೆ ಕಾರಿನಲ್ಲಿ ಹೋಯಿತು. ಕೇಳಲಿಲ್ಲ. ಮಿತ್ರಳೂ ಕೇಳಲಿಲ್ಲ. ಬಸ್ಸು ಹತ್ತಿ ಐದು ನಿಮಿಷಕ್ಕೆ ನಿದ್ದೆ.

3.25

ಮುಂದಿನ ಸೀಟಿನಲ್ಲಿ ಮೇಷ್ಟ್ರ ಫೋನು ಗುಂಯ್ ಅಂದಿತು. ಅಕ್ಷಯಾ ಹಾಳೆಯ ಫೋಟೋ ಕಳಿಸಿದ್ದಾಳಂತೆ. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ನನ್ನ ಕಡೆ ತಿರುಗಿದರು. ಮೆಲ್ಲಗೆ ಮೇಷ್ಟ್ರೇ, ಎದ್ದಾಳು, ಎಂದು ಸನ್ನೆ ಮಾಡಿದೆ. ಬಾಯಿ ಮುಚ್ಚಿಕೊಂಡರು. ಕೈ ಎತ್ತಿದರು.

ಮೂರು ಬೆರಳು.

ಮೂವತ್ತೆರಡಕ್ಕೆ ಒಂಬತ್ತು. 0.281. ಲೀಗಿಗಿಂತ ಮೇಲೆ. ಪೆನ್ಸಿಲ್ ಬೇಕಾಗಲಿಲ್ಲ.

ಎಬ್ಬಿಸಬೇಕು. ಎಬ್ಬಿಸುತ್ತೇನೆ. ಶಿಡ್ಲಘಟ್ಟ ಬರಲಿ. ಭುಜ ಜೋಮು ಹಿಡಿದಿದೆ, ಪರವಾಗಿಲ್ಲ. ಇನ್ನೂ ಐದು ನಿಮಿಷ ಇದು ನನಗೆ ಮಾತ್ರ ಗೊತ್ತಿರಲಿ. ಮೇಷ್ಟ್ರು ಇನ್ನೂ ಕೈ ಇಳಿಸಿಲ್ಲ, ಕಂಡಕ್ಟರ್ ಮೂರು ಟಿಕೆಟ್ಟಾ ಎಂದು ಕೇಳುತ್ತಿದ್ದಾನೆ. ಹಂಪ್ ಬಂತು. ಕಣ್ಣು ಬಿಟ್ಟಳು. "ಏನಪ್ಪಾ, ಇವತ್ತೂ ಬರೀತಾ ಕೂತಿದ್ದೀಯಾ?" ಅನ್ನುತ್ತಿದ್ದಾಳೆ. ಇಲ್ಲ ಕಣಮ್ಮ, ಮುಗೀತು, ಅಲ್ಲಿ ನೋಡು ಮೇಷ್ಟ್ರ —